ಜೀಪು ಎತ್ತರಿಸುವ ಮುನ್ನ: ಸ್ಪ್ರಿಂಗ್ ಆಯ್ಕೆಯ ಲೆಕ್ಕ



ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಹುಕ್‌ನ ನಿಯಮ ಅರ್ಧ ಗಂಟೆಯ ಪಾಠ. ಬೋರ್ಡಿನ ಮೇಲೆ ಒಂದು ಸ್ಪ್ರಿಂಗ್, ಅದಕ್ಕೆ ತೂಗುಬಿಟ್ಟ ಒಂದು ತೂಕ, ಪಕ್ಕದಲ್ಲಿ ಒಂದು ನೇರ ಗೆರೆಯ ಗ್ರಾಫ್. ಪರೀಕ್ಷೆಯಲ್ಲಿ ಎರಡೋ ಮೂರೋ ಅಂಕ. ಅಷ್ಟಕ್ಕೆ ಅದು ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ನಮ್ಮ ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಹೊತ್ತು ಬರುವ ಪ್ರತಿಯೊಂದು ಗಾಡಿಯ ಕೆಳಗೂ ಅದೇ ನಿಯಮ ಹಗಲು ರಾತ್ರಿ ದುಡಿಯುತ್ತಿರುತ್ತದೆ.

ಈ ಲೇಖನ ಬರೆಯಲು ಕಾರಣ ತರಗತಿಯಲ್ಲಿ ಬಂದ ಒಂದು ಪ್ರಶ್ನೆ. 'ಸರ್, ನಮ್ಮ ಭಾಯಿ ಜೀಪಿಗೆ ಎರಡು ಇಂಚು ಎತ್ತರದ ಸ್ಪ್ರಿಂಗ್ ಹಾಕಸ್ತೀನಿ ಅಂತಾನ. ಹಾಕಸಬೇಕೋ ಬ್ಯಾಡೋ?' ಮನೆಯಲ್ಲಿರುವುದು ಒಂದೇ ಗಾಡಿ. ಸುಗ್ಗಿಯಲ್ಲಿ ಅದು ಹೊಲದಿಂದ ಚೀಲ ತರುತ್ತದೆ. ಮದುವೆ, ಆಸ್ಪತ್ರೆ ಎಂದರೆ ಮನೆಮಂದಿಯೆಲ್ಲ ಅದರಲ್ಲೇ ಕೂರುತ್ತಾರೆ. ಆದ್ದರಿಂದ ಇದಕ್ಕೆ 'ಹೂಂ' ಅಥವಾ 'ಬೇಡ' ಎಂಬ ಒಂದು ಮಾತಿನ ಉತ್ತರ ಸಾಲದು. ಲೆಕ್ಕ ಹಾಕಿಯೇ ಉತ್ತರಿಸಬೇಕು. ಆ ಲೆಕ್ಕ ಮಾಡಲು ನಿಮ್ಮ ಪಠ್ಯದಲ್ಲಿರುವಷ್ಟು ಭೌತಶಾಸ್ತ್ರ ಸಾಕು.

ಕಮಾನಿನಿಂದ ಸುರುಳಿಗೆ

ನಮ್ಮ ಕಡೆಯ ಚಕ್ಕಡಿಗೆ ಸ್ಪ್ರಿಂಗ್ ಇಲ್ಲ. ಅಚ್ಚಿನ ಮೇಲೆ ನೇರವಾಗಿ ಮರದ ಚೌಕಟ್ಟು ಕೂರುತ್ತದೆ. ತಗ್ಗಿನಲ್ಲಿ ಗಾಲಿ ಎಷ್ಟು ಇಳಿಯುತ್ತದೋ ಕುಳಿತವನ ಬೆನ್ನೂ ಅಷ್ಟೇ ಇಳಿಯುತ್ತದೆ. ಟಾಂಗಾಗಳಿಗೆ ಕಮಾನು ಪಟ್ಟಿ ಇತ್ತು. ಉರ್ದು ಬಲ್ಲವರಿಗೆ ಗೊತ್ತು, 'ಕಮಾನ್' ಎಂದರೆ ಬಿಲ್ಲು. ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಬಿಲ್ಲಿನಂತೆ ಕಟ್ಟಿದ್ದಕ್ಕೆ ಆ ಹೆಸರು ಬಂತು. ಗ್ಯಾರೇಜಿನಲ್ಲಿ ಇಂದಿಗೂ ಅದೇ ಮಾತು ನಡೆಯುತ್ತದೆ.

ನಮ್ಮ ದೇಶದಲ್ಲಿ ಜೀಪಿನ ಕಥೆಯೂ ಕಮಾನಿನಿಂದಲೇ ಶುರುವಾಗುತ್ತದೆ. ಮಹೀಂದ್ರಾ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿತು. ಮುಂದೆಯೂ ಕಮಾನು, ಹಿಂದೆಯೂ ಕಮಾನು. 1985ರಲ್ಲಿ ಬಂದ ಮಾರುತಿ ಜಿಪ್ಸಿಗೂ ನಾಲ್ಕೂ ಕಡೆ ಕಮಾನು ಪಟ್ಟಿಗಳೇ. 2010ರ ಮಹೀಂದ್ರಾ ಥಾರ್‌ನಲ್ಲಿ ಹಿಂದೆ ಕಮಾನು ಉಳಿಯಿತು, ಮುಂದೆ ತಿರುಚುವ ಸರಳು ಬಂತು. 2020ರ ಥಾರ್‌ನಲ್ಲಿ ಕಮಾನು ಹೋಗಿ ಸುರುಳಿ ಸ್ಪ್ರಿಂಗ್ ಬಂತು. ರೂಪ ಯಾವುದೇ ಇರಲಿ, ಕೆಲಸ ಒಂದೇ. ಬಲ ಬಿದ್ದಷ್ಟು ಬಾಗುವುದು, ಬಲ ತೆಗೆದರೆ ಮೊದಲಿನಂತಾಗುವುದು.

ಇದನ್ನು ನಿಯಮವಾಗಿ ಹೇಳಿದವನು ಇಂಗ್ಲೆಂಡಿನ ರಾಬರ್ಟ್ ಹುಕ್. ಬೇರೆಯವರು ತನ್ನ ಶೋಧವನ್ನು ತಮ್ಮದೆನ್ನಬಾರದೆಂದು 1676ರಲ್ಲಿ ಅದನ್ನು ಅಕ್ಷರಗಳನ್ನು ಕಲಸಿದ ಒಗಟಾಗಿ ಅಚ್ಚು ಹಾಕಿಸಿದ. 1678ರಲ್ಲಿ ಒಗಟನ್ನು ಬಿಡಿಸಿದ. ಎಳೆತ ಎಷ್ಟೋ ಬಲವೂ ಅಷ್ಟೇ, ಇದು ಅದರ ಸಾರ. ನಮ್ಮ ಭಾಷೆಯಲ್ಲಿ:

ಬಲ = ಸ್ಪ್ರಿಂಗ್ ಸ್ಥಿರಾಂಕ × ಕುಗ್ಗುವಿಕೆ

ಸ್ಪ್ರಿಂಗ್ ಸ್ಥಿರಾಂಕ 30 ನ್ಯೂಟನ್ ಪ್ರತಿ ಮಿ.ಮೀ. ಎಂದರೆ ಆ ಸ್ಪ್ರಿಂಗನ್ನು ಒಂದು ಮಿ.ಮೀ. ಕುಗ್ಗಿಸಲು 30 ನ್ಯೂಟನ್ ಬೇಕು. ಲೆಕ್ಕ ಸುಲಭವಾಗಲೆಂದು ಒಂದು ಕೆ.ಜಿ.ಯ ತೂಕವನ್ನು 10 ನ್ಯೂಟನ್ ಎಂದು ಹಿಡಿಯೋಣ. ಅಂದರೆ ಸುಮಾರು ಮೂರು ಕೆ.ಜಿ. ಇಟ್ಟರೆ ಒಂದು ಮಿ.ಮೀ. ಇಳಿತ.

ಎತ್ತರಿಸಿದರೆ ಏನು ಎತ್ತರವಾಗುತ್ತದೆ?

ಸ್ಪ್ರಿಂಗ್ ಕೊಳ್ಳುವ ಮುನ್ನ ಈ ಪ್ರಶ್ನೆ ಕೇಳಲೇಬೇಕು. ಹಳೆಯ ಜೀಪಿನಲ್ಲಿ ಎಡಗಾಲಿಯಿಂದ ಬಲಗಾಲಿಯವರೆಗೆ ಒಂದೇ ಗಟ್ಟಿ ಅಚ್ಚು ಇರುತ್ತದೆ. ಅದರ ನಡುವೆ ಡಿಫರೆನ್ಷಿಯಲ್‌ನ ಗುಂಡು ಹೊಟ್ಟೆ. ಗಾಡಿಯ ಕೆಳಗೆ ನೆಲಕ್ಕೆ ಅತಿ ಹತ್ತಿರವಿರುವುದು ಅದೇ. ಸ್ಪ್ರಿಂಗ್ ಕೂರುವುದು ಅಚ್ಚಿನ ಮೇಲೆ. ಆದ್ದರಿಂದ ಎರಡಲ್ಲ, ಹತ್ತು ಇಂಚು ಎತ್ತರದ ಸ್ಪ್ರಿಂಗ್ ಹಾಕಿದರೂ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ಟೈರಿನ ತ್ರಿಜ್ಯ ಮಾತ್ರ.

ಸ್ಪ್ರಿಂಗ್ ಎತ್ತುವುದು ಚಾಸಿಯನ್ನು, ಬಾಡಿಯನ್ನು. ಇದರಿಂದ ಮೂರು ಲಾಭಗಳಿವೆ. ದಿಬ್ಬ ಏರುವಾಗ ಮುಂದಿನ ಬಂಪರ್ ತಾಗುವುದಿಲ್ಲ. ಇಳಿಯುವಾಗ ಹಿಂಭಾಗ ಉಜ್ಜುವುದಿಲ್ಲ. ಕಾಲುವೆಯ ಏರಿ ದಾಟುವಾಗ ನಡು ಹೊಟ್ಟೆ ನೆಲಕ್ಕೆ ಬಡಿಯುವುದಿಲ್ಲ. ಮಲೆನಾಡಿನ ಕಾಫಿ ತೋಟದ ಕಲ್ಲು ದಾರಿಯಲ್ಲಿ ದಿನಾ ಓಡಾಡುವ ಜೀಪಿಗೆ ಇದು ಉಪಯೋಗಕ್ಕೆ ಬರುತ್ತದೆ.

ನಮ್ಮದು ಎರಿ ಹೊಲ. ಮಳೆ ಬಿದ್ದ ಮರುದಿನ ಮೋಟೆಬೆನ್ನೂರು ಕಡೆಯಾಗಲಿ ಕಾಗಿನೆಲೆ ಕಡೆಯಾಗಲಿ ಹೊಲದ ದಾರಿಯಲ್ಲಿ ಗಾಡಿ ಸಿಕ್ಕಿಬೀಳುವುದು ಹೊಟ್ಟೆ ಬಡಿದು ಅಲ್ಲ, ಗಾಲಿ ಹೂತು. ಗಾಲಿ ಹೂಳುವುದನ್ನು ನಿರ್ಧರಿಸುವುದು ನೆಲದ ಮೇಲೆ ಬೀಳುವ ಒತ್ತಡ, ಅಂದರೆ ತೂಕ ಭಾಗಿಸು ಟೈರು ನೆಲಕ್ಕೆ ತಾಗುವ ವಿಸ್ತೀರ್ಣ. ಸ್ಪ್ರಿಂಗ್ ಈ ಎರಡನ್ನೂ ಬದಲಿಸುವುದಿಲ್ಲ. ಟೈರಿನ ಅಗಲ, ಅದರ ಹಲ್ಲು, ಗಾಳಿಯ ಒತ್ತಡ ಬದಲಿಸುತ್ತವೆ. ಆದ್ದರಿಂದ 'ಹೊಲದಲ್ಲಿ ಸಿಗಬಾರದು' ಎಂಬುದೊಂದೇ ನಿಮ್ಮ ಕಾರಣವಾಗಿದ್ದರೆ ಸ್ಪ್ರಿಂಗಿಗೆ ಹಾಕುವ ಹಣ ವ್ಯರ್ಥ.

ಇನ್ನೊಂದು ಮಾತು. ಎಷ್ಟೋ ಗಾಡಿಗಳು ತಗ್ಗಾಗಿ ಕಾಣುವುದು ಹಳೆಯ ಕಮಾನು ದಣಿದು ಚಪ್ಪಟೆಯಾಗಿರುವುದರಿಂದ. ಉಕ್ಕನ್ನು ಸ್ಥಿತಿಸ್ಥಾಪಕತ್ವದ ಮಿತಿ ದಾಟಿಸಿ ಮತ್ತೆ ಮತ್ತೆ ಹೇರಿದರೆ ಅದು ಪೂರ್ತಿ ಹಿಂದಿರುಗುವುದಿಲ್ಲ. ಇಂಥ ಗಾಡಿಗೆ ಕಂಪನಿಯ ಮೂಲ ಅಳತೆಯ ಹೊಸ ಕಮಾನು ಹಾಕಿದರೆ ಕಳೆದುಹೋದ ಎತ್ತರ ತಾನಾಗಿ ಮರಳುತ್ತದೆ. ಮೊದಲು ಅದನ್ನು ನೋಡಿ, ಆಮೇಲೆ ಉಳಿದದ್ದು.

ಉದ್ದವೋ, ಗಟ್ಟಿಯೋ?

ಎತ್ತರದ ಸ್ಪ್ರಿಂಗ್ ಎಂದರೆ ಗಟ್ಟಿ ಸ್ಪ್ರಿಂಗ್ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಖಾಲಿ ಗಾಡಿಯ ಹಿಂದಿನ ಒಂದೊಂದು ಸ್ಪ್ರಿಂಗಿನ ಮೇಲೆ 300 ಕೆ.ಜಿ., ಅಂದರೆ 3000 ನ್ಯೂಟನ್ ಬೀಳುತ್ತದೆ. ಸ್ಪ್ರಿಂಗ್ ಸ್ಥಿರಾಂಕ 30. ಬಿಡಿಯಾಗಿದ್ದಾಗ ಸ್ಪ್ರಿಂಗಿನ ಎತ್ತರ 400 ಮಿ.ಮೀ. ಗಾಡಿ ಕೂತಾಗ 3000 ÷ 30 = 100 ಮಿ.ಮೀ. ಕುಗ್ಗಿ 300 ಮಿ.ಮೀ.ಗೆ ನಿಲ್ಲುತ್ತದೆ. ನಮಗೆ ಎರಡು ಇಂಚು, ಅಂದರೆ 50 ಮಿ.ಮೀ. ಹೆಚ್ಚು ಬೇಕು. ಎರಡು ದಾರಿಗಳಿವೆ.

ಮೊದಲ ದಾರಿ: ಸ್ಥಿರಾಂಕ 30 ಆಗಿಯೇ ಇರಲಿ, ಬಿಡಿ ಎತ್ತರ 450 ಆಗಲಿ. 100 ಕುಗ್ಗಿ 350ಕ್ಕೆ ನಿಲ್ಲುತ್ತದೆ.

ಎರಡನೆಯ ದಾರಿ: ಬಿಡಿ ಎತ್ತರ 400 ಆಗಿಯೇ ಇರಲಿ, ಸ್ಥಿರಾಂಕ 60 ಆಗಲಿ. 50 ಕುಗ್ಗಿ ಇದೂ 350ಕ್ಕೆ ನಿಲ್ಲುತ್ತದೆ.

ಅಂಗಳದಲ್ಲಿ ನಿಲ್ಲಿಸಿದಾಗ ಎರಡೂ ಗಾಡಿ ಒಂದೇ ಎತ್ತರ. ರಸ್ತೆಗೆ ಇಳಿದಾಗ ಎರಡರ ಸ್ವಭಾವ ಬೇರೆ. ಸ್ಪ್ರಿಂಗ್ ಮೇಲಿನ ಗಾಡಿ ಸೆಕೆಂಡಿಗೆ ಎಷ್ಟು ಬಾರಿ ಕುಣಿಯುತ್ತದೆ ಎಂಬುದನ್ನು ಆಂದೋಲನಗಳ ಅಧ್ಯಾಯದ ಸೂತ್ರದಿಂದ ತೆಗೆಯಬಹುದು. ಅದರಲ್ಲಿ ದ್ರವ್ಯರಾಶಿ ಮತ್ತು ಸ್ಥಿರಾಂಕದ ಬದಲು ಕುಗ್ಗುವಿಕೆಯನ್ನು ಹಾಕಿದರೆ ಹೀಗೆ ಸರಳವಾಗುತ್ತದೆ:

ಆವೃತ್ತಿ = 15.8 ÷ √ಕುಗ್ಗುವಿಕೆ (ಮಿ.ಮೀ.ಗಳಲ್ಲಿ)

ಮೊದಲ ಗಾಡಿಗೆ 15.8 ÷ √100, ಸುಮಾರು 1.6. ಎರಡನೆಯದಕ್ಕೆ 15.8 ÷ √50, ಸುಮಾರು 2.2. ನಾವು ನಡೆಯುವಾಗ ನಮ್ಮ ದೇಹ ಸೆಕೆಂಡಿಗೆ ಒಂದೂವರೆ ಎರಡು ಬಾರಿ ಏರಿಳಿಯುತ್ತದೆ. ಅದರ ಆಸುಪಾಸಿನ ಅಥವಾ ಅದಕ್ಕಿಂತ ನಿಧಾನದ ಕುಣಿತವನ್ನು ಮೈ ಸಹಿಸುತ್ತದೆ. 2.2 ಎಂದರೆ ಖಾಲಿ ಗೂಡ್ಸ್ ಗಾಡಿಯ ಹಿಂದೆ ಕೂತ ಅನುಭವ. ಹಿಂದಿನ ಸೀಟಿನಲ್ಲಿ ಅಜ್ಜಿ ಕೂರುವುದಾದರೆ ಈ ಸಂಖ್ಯೆಯನ್ನು ಮರೆಯಬೇಡಿ.

ಗಾಲಿ ತಗ್ಗಿಗೆ ಇಳಿಯುವಾಗಲೂ ವ್ಯತ್ಯಾಸವಿದೆ. ಮೊದಲ ಸ್ಪ್ರಿಂಗ್ ಗಾಲಿಯನ್ನು 100 ಮಿ.ಮೀ. ಕೆಳಕ್ಕೆ ಒತ್ತಿ ಹಿಡಿಯಬಲ್ಲದು. ಎರಡನೆಯದು 50 ಮಾತ್ರ. ಅದಾದ ಮೇಲೆ ಸ್ಪ್ರಿಂಗಿನಲ್ಲಿ ಒತ್ತುವ ಬಲವೇ ಇಲ್ಲ, ಗಾಲಿ ಗಾಳಿಯಲ್ಲಿ ತೂಗುತ್ತದೆ. ತೂಗುವ ಗಾಲಿ ಗಾಡಿಯನ್ನು ಎಳೆಯುವುದೂ ಇಲ್ಲ, ಬ್ರೇಕ್ ಹಿಡಿಯುವುದೂ ಇಲ್ಲ. ಗುಡ್ಡಗಾಡು ಓಡಿಸುವ ಅನುಭವಿಗಳು ಮೃದುವಾದ ಉದ್ದ ಸ್ಪ್ರಿಂಗ್ ಬಯಸುವುದು ಇದಕ್ಕೇ.

ಹಾಗಾದರೆ ಗಟ್ಟಿ ಸ್ಪ್ರಿಂಗ್ ಯಾರಿಗೆ? ಯಾವಾಗಲೂ ಭಾರ ಹೊರುವವರಿಗೆ. ಒಂದೊಂದು ಸ್ಪ್ರಿಂಗಿನ ಮೇಲೆ ಇನ್ನೂ 150 ಕೆ.ಜಿ. ಬಿತ್ತು ಎನ್ನಿ. ಮೊದಲ ಗಾಡಿ 50 ಮಿ.ಮೀ. ಇಳಿದು ಕೊಂಡ ಎತ್ತರವನ್ನೆಲ್ಲ ಕಳೆದುಕೊಳ್ಳುತ್ತದೆ. ಎರಡನೆಯದು 25 ಮಾತ್ರ ಇಳಿಯುತ್ತದೆ. ದಿನಾ ಇಷ್ಟು ಭಾರ ಇರುವುದೇ ಆದರೆ ನಡುವಿನ ದಾರಿ ಒಳ್ಳೆಯದು. ಸ್ಥಿರಾಂಕ 45, ಬಿಡಿ ಎತ್ತರ 450. ಭಾರ ತುಂಬಿದಾಗ 4500 ÷ 45 = 100 ಕುಗ್ಗಿ 350ಕ್ಕೆ ನಿಲ್ಲುತ್ತದೆ, ಆವೃತ್ತಿ ಅದೇ 1.6. ಖಾಲಿಯಾದಾಗ ಸುಮಾರು 67 ಕುಗ್ಗಿ 383ಕ್ಕೆ ಏರುತ್ತದೆ, ಆವೃತ್ತಿ 1.9 ಆಗುತ್ತದೆ. ಸ್ವಲ್ಪ ಒರಟು, ಆದರೆ ಸಹಿಸಬಹುದು.

ಆಯ್ಕೆಯ ಸೂತ್ರ ಇಷ್ಟೇ. ವರ್ಷದಲ್ಲಿ ಒಮ್ಮೆ ಹೊರುವ ಭಾರಕ್ಕಲ್ಲ, ವಾರದ ಹೆಚ್ಚು ದಿನ ಹೊರುವ ಭಾರಕ್ಕೆ ಸ್ಪ್ರಿಂಗ್ ಆರಿಸಬೇಕು.

ಉಕ್ಕಿನ ಅಳತೆ ಹೇಳುವ ಕಥೆ

ಸುರುಳಿ ಸ್ಪ್ರಿಂಗಿನ ಸ್ಥಿರಾಂಕ ನಾಲ್ಕು ಸಂಗತಿಗಳಿಂದ ಬರುತ್ತದೆ. ಉಕ್ಕಿನ ಶಿಯರ್ ಮಾಡ್ಯುಲಸ್, ಸರಳಿನ ದಪ್ಪದ ನಾಲ್ಕನೆಯ ಘಾತ, ಸುರುಳಿಯ ವ್ಯಾಸದ ಮೂರನೆಯ ಘಾತ, ಸುತ್ತುಗಳ ಸಂಖ್ಯೆ. ಮೊದಲ ಎರಡನ್ನು ಗುಣಿಸಿ, ಉಳಿದ ಎರಡರ ಗುಣಲಬ್ಧದ ಎಂಟು ಪಟ್ಟಿನಿಂದ ಭಾಗಿಸಬೇಕು. ಸ್ಪ್ರಿಂಗ್ ಉಕ್ಕಿನ ಶಿಯರ್ ಮಾಡ್ಯುಲಸ್ ಸುಮಾರು 79,000 ನ್ಯೂಟನ್ ಪ್ರತಿ ಚದರ ಮಿ.ಮೀ. ಸರಳು 12 ಮಿ.ಮೀ., ವ್ಯಾಸ 110 ಮಿ.ಮೀ., ಸುತ್ತು 6 ಎಂದಿಟ್ಟರೆ ಉತ್ತರ ಸುಮಾರು 25.6. ಸರಳನ್ನು 13 ಮಿ.ಮೀ. ಮಾಡಿ. ಒಂದೇ ಮಿ.ಮೀ. ಹೆಚ್ಚಿತು, ಉತ್ತರ 35.3! ಕಣ್ಣಿಗೆ ಕಾಣದಷ್ಟು ದಪ್ಪ ಹೆಚ್ಚಿದ್ದಕ್ಕೆ ಸ್ಪ್ರಿಂಗ್ ಶೇಕಡಾ 38ರಷ್ಟು ಗಟ್ಟಿಯಾಯಿತು. ಅಂಗಡಿಯಲ್ಲಿ 'ನೋಡಲು ಅದೇ ಥರ ಇದೆ' ಎಂಬ ಮಾತನ್ನು ಏಕೆ ನಂಬಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಸರಳಿನ ದಪ್ಪವನ್ನು ನಮ್ಮ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ಸ್‌ನಿಂದ ಅಳೆಯಬಹುದು.

ಕಮಾನು ಪಟ್ಟಿಯಲ್ಲಿ ಪಟ್ಟಿಗಳ ಸಂಖ್ಯೆಗೆ ತಕ್ಕಂತೆ ಗಟ್ಟಿತನ ನೇರವಾಗಿ ಏರುತ್ತದೆ. ಪಟ್ಟಿಯ ದಪ್ಪದ ಮೂರನೆಯ ಘಾತಕ್ಕೆ ತಕ್ಕಂತೆಯೂ ಏರುತ್ತದೆ. ಐದು ಪಟ್ಟಿಯ ಕಮಾನಿಗೆ ಅದೇ ದಪ್ಪದ, ಅಷ್ಟೇ ಕೆಲಸ ಮಾಡುವ ಇನ್ನೊಂದು ಸೇರಿಸಿದರೆ ಸುಮಾರು ಶೇಕಡಾ 20 ಹೆಚ್ಚು. ಆದರೆ 8 ಮಿ.ಮೀ. ಪಟ್ಟಿಗಳನ್ನೆಲ್ಲ ತೆಗೆದು 10 ಮಿ.ಮೀ. ಪಟ್ಟಿ ಹಾಕಿದರೆ ಹೆಚ್ಚುಕಡಿಮೆ ಎರಡು ಪಟ್ಟು.

ಹಳೆಯ ಪಟ್ಟಿಯನ್ನೇ ಬಡಿದು ಮತ್ತೆ ಬಾಗಿಸುವ ರೂಢಿಯೂ ಇದೆ. ಕೆಲವು ತಿಂಗಳಿಗೆ ಅದು ಎತ್ತರ ಕೊಡುತ್ತದೆ. ದಣಿದ ಉಕ್ಕು ಮತ್ತೆ ಇಳಿಯುತ್ತದೆ. ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಬಾಗಿಸಿ ಹಾಗೆಯೇ ಆರಲು ಬಿಟ್ಟರಂತೂ ಉಕ್ಕಿನ ಹದವೇ ಹೋಗುತ್ತದೆ. ಆಮೇಲೆ ಅದು ಸ್ಪ್ರಿಂಗ್ ಅಲ್ಲ, ಬಾಗಿದ ಕಬ್ಬಿಣ.

ಕಮಾನಿನ ತುದಿಯ ಶಾಕಲ್ ಉದ್ದ ಮಾಡುವುದು ಮತ್ತೊಂದು ಅಗ್ಗದ ದಾರಿ. ಒಂದು ತುದಿ ಮಾತ್ರ ಏರುವುದರಿಂದ ಶಾಕಲ್ 50 ಮಿ.ಮೀ. ಉದ್ದವಾದರೆ ಗಾಡಿ ಸುಮಾರು 25 ಮಿ.ಮೀ. ಮಾತ್ರ ಏರುತ್ತದೆ. ಜೊತೆಗೆ ಅಚ್ಚು ತಿರುಗಿ ಕೂರುತ್ತದೆ. ಮುಂದಿನ ಅಚ್ಚಿನಲ್ಲಿ ಹೀಗಾದರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಕೆಡಬಹುದು. ಹೆದ್ದಾರಿಯಲ್ಲಿ ಗಾಡಿ ಆ ಕಡೆ ಈ ಕಡೆ ಅಲೆಯುತ್ತದೆ.

ಮುಂದಿನ ಗಾಲಿಗಳು ಬಿಡಿಬಿಡಿಯಾಗಿ ತೋಳಿನ ಮೇಲೆ ನಿಂತಿರುವ ಗಾಡಿಗಳಲ್ಲಿ ಸನ್ನೆಗೋಲಿನ ಲೆಕ್ಕ ಬರುತ್ತದೆ. ತೋಳಿನ ಉದ್ದದ ಶೇಕಡಾ 60ರಲ್ಲಿ ಸ್ಪ್ರಿಂಗ್ ಕೂತಿದ್ದರೆ ಗಾಡಿಯನ್ನು 50 ಮಿ.ಮೀ. ಎತ್ತಲು ಸ್ಪ್ರಿಂಗ್ 30 ಮಿ.ಮೀ. ಉದ್ದವಾದರೆ ಸಾಕು. ಇದು ತಿಳಿಯದೆ 50 ಮಿ.ಮೀ. ಉದ್ದದ್ದು ಹಾಕಿದರೆ ಗಾಡಿ 83 ಮಿ.ಮೀ. ಏರಿ ಕೂರುತ್ತದೆ.

ತೂಕದ ಕಾಟಾ ಮತ್ತು ಚೀಲಗಳ ಪ್ರಯೋಗ

ನಿಮ್ಮ ಗಾಡಿಯ ಸ್ಥಿರಾಂಕ ಎಷ್ಟು? ಇದನ್ನು ಯಾರನ್ನೂ ಕೇಳಬೇಕಿಲ್ಲ. ಬ್ಯಾಡಗಿಯಲ್ಲಿ ತೂಕದ ಕಾಟಾಕ್ಕೂ ಚೀಲಕ್ಕೂ ಬರವಿಲ್ಲ. ಮನೆಯ ಹಿರಿಯರೊಬ್ಬರು ಗಾಡಿ ಓಡಿಸಲಿ, ನೀವು ಅಳೆದು ಬರೆದುಕೊಳ್ಳಿ.

1. ಖಾಲಿ ಗಾಡಿಯ ಹಿಂದಿನ ಗಾಲಿಗಳನ್ನು ಮಾತ್ರ ಕಾಟಾದ ಮೇಲೆ ನಿಲ್ಲಿಸಿ ತೂಕ ಬರೆದುಕೊಳ್ಳಿ. 720 ಕೆ.ಜಿ. ಬಂತು ಎನ್ನಿ. ಇದರಲ್ಲಿ ಅಚ್ಚು, ಗಾಲಿಗಳ ಭಾರವೂ ಸೇರಿದೆ. ಅದು ಸ್ಪ್ರಿಂಗಿನ ಕೆಳಗಿರುವುದರಿಂದ ಕಳೆಯಬೇಕು. ಅದನ್ನು 120 ಎಂದು ಹಿಡಿದರೆ ಉಳಿದದ್ದು 600, ಒಂದೊಂದು ಸ್ಪ್ರಿಂಗಿಗೆ 300.

2. ಸಮತಟ್ಟಾದ ನೆಲದ ಮೇಲೆ ಗಾಲಿಯ ಮಧ್ಯಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆಯಬೇಡಿ. ಹಾಗೆ ಮಾಡಿದರೆ ಟೈರು ಒತ್ತಿದ್ದೂ ಲೆಕ್ಕಕ್ಕೆ ಬರುತ್ತದೆ.

3. ಮೊದಲೇ ತೂಗಿದ ಚೀಲಗಳನ್ನು ಹಿಂದಿನ ಅಚ್ಚಿನ ನೇರ ಮೇಲೆ ಒಂದೊಂದಾಗಿ ಇಡಿ. ಪ್ರತಿ ಚೀಲಕ್ಕೂ ಅಳತೆ ಬರೆಯಿರಿ. ಗಾಡಿಗೆ ಅನುಮತಿಸಿದ ಭಾರವನ್ನು ಮೀರಬೇಡಿ.

4. ಚೀಲ ತೆಗೆಯುವಾಗಲೂ ಬರೆಯಿರಿ. ಕಮಾನಿನ ಪಟ್ಟಿಗಳು ಒಂದಕ್ಕೊಂದು ಉಜ್ಜುವುದರಿಂದ ಏರುವಾಗ ಇಳಿಯುವಾಗ ಅಳತೆ ಬೇರೆ ಬರುತ್ತದೆ. ಎರಡರ ಸರಾಸರಿ ತೆಗೆದುಕೊಳ್ಳಿ.

240 ಕೆ.ಜಿ. ಹೇರಿದಾಗ 40 ಮಿ.ಮೀ. ಇಳಿದಿದೆ ಎನ್ನಿ. 2400 ನ್ಯೂಟನ್ ಎರಡು ಸ್ಪ್ರಿಂಗಿಗೆ ಹಂಚಿದರೆ ಒಂದಕ್ಕೆ 1200. 1200 ÷ 40 = 30. ಇದೇ ನಿಮ್ಮ ಗಾಡಿಯ ಸ್ಥಿರಾಂಕ. ಗ್ರಾಫ್ ಹಾಳೆಯ ಮೇಲೆ ಬಿಂದುಗಳನ್ನು ಇಟ್ಟು ಗೆರೆ ಎಳೆಯಿರಿ. ಗೆರೆ ಒಂದು ಹಂತದಲ್ಲಿ ತಟ್ಟನೆ ಕಡಿದಾದರೆ ಅಲ್ಲಿ ಕೆಳಗಿನ ದಪ್ಪ ಪಟ್ಟಿ ಕೆಲಸಕ್ಕೆ ಸೇರಿದೆ, ಅಥವಾ ರಬ್ಬರ್ ಬಂಪ್ ಸ್ಟಾಪ್ ತಾಗಿದೆ ಎಂದರ್ಥ.

ಈ ಎರಡು ಸಂಖ್ಯೆಗಳು, ಅಂದರೆ ಸ್ಪ್ರಿಂಗಿನ ಮೇಲಿನ ಭಾರ ಮತ್ತು ಸ್ಥಿರಾಂಕ, ಕೈಯಲ್ಲಿದ್ದರೆ ಅಂಗಡಿಯವರೊಡನೆ ನೀವು ಸರಿಯಾದ ಪ್ರಶ್ನೆ ಕೇಳಬಲ್ಲಿರಿ. 'ಇದರ ಸ್ಥಿರಾಂಕ ಎಷ್ಟು? ಬಿಡಿ ಎತ್ತರ ಎಷ್ಟು? ಎಷ್ಟು ಭಾರಕ್ಕೆ ಎರಡು ಇಂಚು ಎತ್ತುತ್ತದೆ?' ಉತ್ತರ ಸಿಗದ ಸ್ಪ್ರಿಂಗನ್ನು ಕೊಳ್ಳದಿರುವುದು ಲೇಸು.

ಸ್ಪ್ರಿಂಗ್ ಒಂಟಿಯಲ್ಲ

ಸ್ಪ್ರಿಂಗ್ ಬದಲಿಸಿದರೆ ಅದರ ನಂಟರೆಲ್ಲ ಎದ್ದು ಬರುತ್ತಾರೆ.

ಶಾಕ್ ಅಬ್ಸಾರ್ಬರ್: ಕುಣಿತವನ್ನು ನಿಲ್ಲಿಸುವುದು ಇದರ ಕೆಲಸ. ಸ್ಪ್ರಿಂಗ್ ಎರಡು ಪಟ್ಟು ಗಟ್ಟಿಯಾದರೆ ಅದೇ ಹಿಡಿತಕ್ಕೆ ಶಾಕ್ ಅಬ್ಸಾರ್ಬರ್‌ನ ಅವಮಂದನ √2, ಅಂದರೆ 1.4 ಪಟ್ಟು ಬೇಕು. ಹಳೆಯದೇ ಉಳಿದರೆ ಗಾಡಿ ಒಂದು ತಗ್ಗಿಗೆ ಮೂರು ಬಾರಿ ಕುಣಿಯುತ್ತದೆ. ಉದ್ದವೂ ಹೊಂದಬೇಕು. ಗಿಡ್ಡ ಶಾಕ್ ಅಬ್ಸಾರ್ಬರ್ ಗಾಲಿಯನ್ನು ಕೆಳಗಿಳಿಯಲು ಬಿಡುವುದಿಲ್ಲ, ಉದ್ದ ಸ್ಪ್ರಿಂಗಿನ ಲಾಭವೆಲ್ಲ ಅಲ್ಲೇ ಮುಗಿಯುತ್ತದೆ.

ಬ್ರೇಕ್ ಪೈಪು: ಗಾಲಿ ಪೂರ್ತಿ ಕೆಳಗಿಳಿದಾಗ ರಬ್ಬರ್ ಪೈಪು ಬಿಗಿಯಾಗಿ ಎಳೆಯಬಾರದು. ಗಾಡಿಯನ್ನು ಜಾಕ್ ಹಾಕಿ ಎತ್ತಿ ಗಾಲಿ ತೂಗುಬಿಟ್ಟು ಕಣ್ಣಾರೆ ನೋಡಬೇಕು.

ಭಾರ ನೋಡಿ ಬ್ರೇಕ್ ಹಂಚುವ ವಾಲ್ವ್: ಹಲವು ಪಿಕಪ್‌ಗಳಲ್ಲಿ ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿ ಇರುತ್ತದೆ. ಅಂತರ ಕಡಿಮೆಯಾದರೆ ಭಾರ ಇದೆ ಎಂದು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಗಾಡಿ ಎತ್ತರಿಸಿದರೆ ಆ ಕಡ್ಡಿಗೆ ಗಾಡಿ ಸದಾ ಖಾಲಿಯಂತೆ ತೋರುತ್ತದೆ. ಭಾರ ತುಂಬಿದ್ದರೂ ಹಿಂದಿನ ಬ್ರೇಕ್ ಸಾಕಷ್ಟು ಹಿಡಿಯುವುದಿಲ್ಲ. ಇದು ಯಾರ ಕಣ್ಣಿಗೂ ಬೀಳದ ಅಪಾಯ.

ಪ್ರೊಪೆಲ್ಲರ್ ಶಾಫ್ಟ್: ಎತ್ತರ ಹೆಚ್ಚಿದಂತೆ ಅದರ ಓರೆ ಹೆಚ್ಚುತ್ತದೆ, ಕ್ರಾಸ್‌ಗಳು ಬೇಗ ಸವೆಯುತ್ತವೆ, ವೇಗದಲ್ಲಿ ಗಾಡಿ ನಡುಗುತ್ತದೆ. ಹೆಡ್‌ಲೈಟೂ ಮೇಲೇರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಅದನ್ನೂ ಇಳಿಸಿಕೊಳ್ಳಬೇಕು.

ಪಲ್ಟಿಯ ಲೆಕ್ಕ

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಎರಡು ಗಾಲಿಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಬರುವ ಸಂಖ್ಯೆ ಹೆಚ್ಚಿದ್ದಷ್ಟೂ ಗಾಡಿ ಸ್ಥಿರ. ಉದಾಹರಣೆಗೆ ಅಗಲ 1.4 ಮೀಟರ್, ಎತ್ತರ 0.7 ಮೀಟರ್ ಇದ್ದರೆ 0.7 ÷ 0.7 = 1. ಈ ಗಾಡಿ 45 ಡಿಗ್ರಿ ವಾಲುವವರೆಗೆ ಬೀಳದು. 30 ಮೀಟರ್ ತ್ರಿಜ್ಯದ ತಿರುವಿನಲ್ಲಿ ಕಾಗದದ ಮೇಲಿನ ಮಿತಿ ಗಂಟೆಗೆ 62 ಕಿ.ಮೀ.

50 ಮಿ.ಮೀ. ಎತ್ತರಿಸಿದೆವು. ಅಚ್ಚು ಗಾಲಿಗಳು ಏರದ ಕಾರಣ ಗುರುತ್ವ ಕೇಂದ್ರ ಸುಮಾರು 45 ಮಿ.ಮೀ. ಏರಿತು. ಈಗ 0.7 ÷ 0.745 = 0.94. ಕೋನ 43 ಡಿಗ್ರಿ, ವೇಗ 60 ಕಿ.ಮೀ. 'ಎರಡೇ ಕಿ.ಮೀ. ತಾನೇ!' ಎನ್ನಬಹುದು. ಮುಂದಕ್ಕೆ ನೋಡಿ. ನಮ್ಮ ಊರಿನ ಒಣ ಮೆಣಸಿನಕಾಯಿ ಹಗುರ, ಆದರೆ ಜಾಗ ಬಹಳ ಹಿಡಿಯುತ್ತದೆ. ಒಳಗೆ ಹಿಡಿಸದ ಚೀಲ ಮೇಲಿನ ಕ್ಯಾರಿಯರ್‌ಗೆ ಹೋಗುತ್ತದೆ. 1500 ಕೆ.ಜಿ. ಗಾಡಿಯ ತಲೆಯ ಮೇಲೆ, 2.05 ಮೀಟರ್ ಎತ್ತರದಲ್ಲಿ ಬರೇ 100 ಕೆ.ಜಿ. ಇಟ್ಟರೆ ಗುರುತ್ವ ಕೇಂದ್ರ ಸುಮಾರು 0.83 ಮೀಟರ್‌ಗೆ ಏರುತ್ತದೆ. ಸಂಖ್ಯೆ 0.85ಕ್ಕೆ, ಕೋನ 40 ಡಿಗ್ರಿಗೆ, ವೇಗ 57 ಕಿ.ಮೀ.ಗೆ ಇಳಿಯುತ್ತದೆ.

ಇದೂ ಕಾಗದದ ಮಿತಿ. ಒಣ ಡಾಂಬರಿನ ಮೇಲೆ ಟೈರು ಅದಕ್ಕೂ ಮೊದಲೇ ಜಾರಿ ಗಾಡಿಯನ್ನು ಉಳಿಸಬಹುದು. ಆದರೆ ಜಾರುತ್ತಿರುವ ಗಾಲಿ ರಸ್ತೆ ಅಂಚಿನ ಮಣ್ಣಿಗೋ ಕಲ್ಲಿಗೋ ಸಿಕ್ಕಿಕೊಂಡರೆ ಅದೇ ತಿರುಗಣೆಯಾಗಿ ಗಾಡಿ ಉರುಳುತ್ತದೆ. ಮೃದು ಸ್ಪ್ರಿಂಗಿನ ಮೇಲೆ ಬಾಡಿ ಹೊರಕ್ಕೆ ವಾಲುವುದರಿಂದ ನಿಜವಾದ ಮಿತಿ ಇನ್ನೂ ಕೆಳಗಿರುತ್ತದೆ. ಎತ್ತರಿಸಿದ ಗಾಡಿಯ ಮೇಲೆ ಚೀಲ ಹೇರಬಾರದು. ಹೇರಲೇಬೇಕಾದವರು ಗಾಡಿ ಎತ್ತರಿಸಬಾರದು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮಾರ್ಪಾಡಿಗೆ ಮಿತಿ ಹಾಕಿದೆ. ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಅಪಘಾತವಾದಾಗ ವಿಮೆಯ ಹಣಕ್ಕೂ ತಕರಾರು ಬರಬಹುದು. ಹಾಗಾಗಿ ಗ್ಯಾರೇಜಿಗೆ ಹೋಗುವ ಮೊದಲು ಹಾವೇರಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಕೇಳಿಕೊಳ್ಳುವುದು ಕ್ಷೇಮ. ಸವೆದ ಸ್ಪ್ರಿಂಗಿನ ಜಾಗಕ್ಕೆ ಮೂಲ ಅಳತೆಯದೇ ಹೊಸದನ್ನು ಹಾಕುವುದು ದುರಸ್ತಿ, ಮಾರ್ಪಾಡಲ್ಲ.

ನಿಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ 18 ತುಂಬಿಲ್ಲ. ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸಜೆ ಇದೆ. ಗಾಡಿಯನ್ನು ಅಳೆಯಿರಿ, ಲೆಕ್ಕ ಹಾಕಿ, ಓಡಿಸಲು ಕಾಯಿರಿ.

ಒಟ್ಟಿನಲ್ಲಿ

ನನ್ನ ಸಲಹೆಯ ಕ್ರಮ ಹೀಗಿದೆ. ಮೊದಲು ಹಳೆಯ ಸ್ಪ್ರಿಂಗ್ ದಣಿದಿದೆಯೇ ನೋಡಿ; ದಣಿದಿದ್ದರೆ ಮೂಲ ಅಳತೆಯದನ್ನು ಹಾಕಿಸಿ. ಹೊಲದ ಕೆಸರೇ ತೊಂದರೆಯಾದರೆ ಒಳ್ಳೆಯ ಟೈರು ನೋಡಿ. ಹೊಟ್ಟೆ ನಿಜವಾಗಿಯೂ ನೆಲಕ್ಕೆ ಬಡಿಯುತ್ತಿದ್ದು, ಕಾನೂನಿನ ಅನುಮತಿಯೂ ಇದ್ದರೆ ಮಾತ್ರ ಎತ್ತರದ ಮಾತು. ಆಗಲೂ ಬೇಕಾದಷ್ಟೇ ಎತ್ತರ, ದಿನನಿತ್ಯದ ಭಾರಕ್ಕೆ ಹೊಂದುವ ಸ್ಥಿರಾಂಕ, ಜೊತೆಗೆ ಹೊಂದುವ ಶಾಕ್ ಅಬ್ಸಾರ್ಬರ್.

ಅಭ್ಯಾಸಕ್ಕೆ ಮೂರು ಲೆಕ್ಕಗಳು:

1. ಸ್ಥಿರಾಂಕ 30 ಇರುವ ಐದು ಪಟ್ಟಿಯ ಕಮಾನಿಗೆ ಅದೇ ದಪ್ಪದ, ಅದೇ ಬಾಗಿನ ಆರನೆಯ ಪಟ್ಟಿ ಸೇರಿಸಿದರೆ 3000 ನ್ಯೂಟನ್ ಭಾರದಲ್ಲಿ ಗಾಡಿ ಎಷ್ಟು ಏರುತ್ತದೆ? (ಉತ್ತರ: ಸುಮಾರು 17 ಮಿ.ಮೀ.)

2. ಒಂದು ಗಾಡಿಯ ಆವೃತ್ತಿ ಸೆಕೆಂಡಿಗೆ 1.58. ಭಾರ ಬದಲಾಗದೆ ಸ್ಥಿರಾಂಕ ನಾಲ್ಕು ಪಟ್ಟಾದರೆ ಆವೃತ್ತಿ ಎಷ್ಟು? (ಉತ್ತರ: 3.16)

3. ಆರು ಸುತ್ತಿನ ಸುರುಳಿಯಲ್ಲಿ ಒಂದು ಸುತ್ತು ಕತ್ತರಿಸಿದರೆ ಸ್ಥಿರಾಂಕ ಎಷ್ಟು ಪಟ್ಟಾಗುತ್ತದೆ? (ಉತ್ತರ: 1.2 ಪಟ್ಟು)

ಚೀಲಗಳ ಪ್ರಯೋಗ ಮಾಡಿದವರು ಗ್ರಾಫ್ ಹಾಳೆಯನ್ನು ಪ್ರಯೋಗಾಲಯಕ್ಕೆ ತನ್ನಿ. ಕಮಾನಿನ ಗಾಡಿ, ಸುರುಳಿಯ ಗಾಡಿ ಎರಡರ ಗೆರೆಗಳನ್ನೂ ಪಕ್ಕಪಕ್ಕದಲ್ಲಿ ಗೋಡೆಗೆ ಅಂಟಿಸೋಣ.